ಸದ್ದಿಲ್ಲದ ಪಾಠಶಾಲೆ

ಶಾಲೆಗೆ ರಜೆ ಬಂದಿತೆಂದರೆ ಹೈಸ್ಕೂಲು ಮಕ್ಕಳಿರುವ ಮನೆಗಳಲ್ಲಿ ದಿನವೂ ಕೇಳಿಬರುವ ಮಾತು ಒಂದೇ: “ಪುಸ್ತಕ ಹಿಡಿದು ಕುಳಿತುಕೋ!” ಹುಡುಗನೇನೋ ಪುಸ್ತಕ ಹಿಡಿದು ಕೂಡುತ್ತಾನೆ, ಮನಸ್ಸು ಮಾತ್ರ ಬೀದಿಯಲ್ಲಿರುತ್ತದೆ. ಎರಡು ಪುಟ ಬರೆದು ತೋರಿಸೆಂದರೆ ಪಠ್ಯಪುಸ್ತಕದ ಎರಡು ಪುಟಗಳನ್ನು ನಕಲು ಮಾಡಿ ಮುಂದಿಡುತ್ತಾನೆ.

ಒಂದು ತಿಂಗಳ ರಜೆಯಾದರೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ಭಯದಿಂದ ಮುಚ್ಚಿದ ಕರ್ನಾಟಕದ ಶಾಲೆಗಳು ತಿಂಗಳುಗಟ್ಟಲೆ ತೆರೆಯಲಿಲ್ಲ. ಮರುವರ್ಷದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ ಮುಗಿದುಹೋಯಿತು. ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಗುರುತು ಮಾಡಿದರೆ ಸಾಕಾಗಿದ್ದಿತು; ಒಂದು ವಾಕ್ಯವನ್ನೂ ಪೂರ್ಣವಾಗಿ ಬರೆಯಬೇಕಾಗಿರಲಿಲ್ಲ. ಆ ಕಷ್ಟಕಾಲದಲ್ಲಿ ಬೇರೆ ದಾರಿ ಇದ್ದಿತೇ ಎಂಬುದು ಬೇರೆಯ ಮಾತು. ಶಾಲೆಯ ಬಾಗಿಲು ಮುಚ್ಚಿದಾಗಲೂ ಮಗುವಿನ ಲೇಖನಿ ಓಡುತ್ತಿರಬೇಕಾದರೆ ಮನೆಯವರು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಮನೆಯೊಂದು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿದೆ. 1960ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಅಲ್ಲಿದ್ದ ಮಕ್ಕಳಿಗೆ ಬಂದ ಕಷ್ಟವು ಯಾವ ಮಕ್ಕಳಿಗೂ ಬಾರದಿರಲಿ. ಆದರೆ ಅಲ್ಲಿಯ ಹಿರಿಯರು ಮಾಡಿಕೊಂಡ ಏರ್ಪಾಡು ಯಾವ ಮನೆಗಾದರೂ ಸಲ್ಲುವಂತಹುದು.

ಬೀರುವಿನ ಹಿಂದೆ

1942ರ ಜುಲೈ 6. ನಾಜಿಗಳ ವಶದಲ್ಲಿದ್ದ ಹಾಲೆಂಡಿನಲ್ಲಿ ಯೆಹೂದಿಗಳ ಪ್ರಾಣಕ್ಕೆ ಸಂಚಕಾರ ಬಂದಿದ್ದಿತು. ಓಟೊ ಫ್ರ್ಯಾಂಕ್ ಎಂಬ ವರ್ತಕರು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಡನೆ ತಮ್ಮ ಕಚೇರಿಯ ಹಿಂಭಾಗದ ಕೋಣೆಗಳಲ್ಲಿ ಅಡಗಿಕೊಂಡರು. ಹಿರಿಯ ಮಗಳು ಮಾರ್ಗೊಳಿಗೆ 16 ವರ್ಷ. ಕಿರಿಯವಳಾದ ಆನಳಿಗೆ 13. ಇನ್ನೊಂದು ಕುಟುಂಬ, ಅವರ ಮಗ ಪೀಟರ್, ಒಬ್ಬ ದಂತವೈದ್ಯರು ಬಂದು ಸೇರಿ ಒಟ್ಟು ಎಂಟು ಮಂದಿಯಾದರು. ಬಾಗಿಲನ್ನು ಪುಸ್ತಕದ ಬೀರುವೊಂದು ಮರೆಮಾಡಿತು.

ಹಗಲಲ್ಲಿ ಕೆಳಗಿನ ಉಗ್ರಾಣದಲ್ಲಿ ಕೆಲಸಗಾರರಿರುತ್ತಿದ್ದರು. ಅವರಿಗೆ ಸುಳಿವು ಸಿಗದಂತೆ ಮೆಲ್ಲನೆ ನಡೆಯಬೇಕು. ನಲ್ಲಿಯ ನೀರನ್ನೂ ಬಿಡುವಂತಿಲ್ಲ. ಸದ್ದು ಮಾಡಬಾರದ ಆ ಗಂಟೆಗಳನ್ನು ಓಟೊ ಅವರು ಪಾಠದ ಗಂಟೆಗಳನ್ನಾಗಿ ಮಾಡಿದರು. ಯುದ್ಧ ಮುಗಿದು ಶಾಲೆಗೆ ಹಿಂದಿರುಗಿದಾಗ ಮಕ್ಕಳು ಹಿಂದೆ ಬೀಳಬಾರದೆಂಬುದು ಅವರ ಆಸೆ. ಬೆಪ್ ಎಂಬ ಕಚೇರಿಯ ಯುವತಿಯ ಹೆಸರಿನಲ್ಲಿ ಶೀಘ್ರಲಿಪಿಯ ಪಾಠಗಳೂ ಮಾರ್ಗೊಳಿಗಾಗಿ ಲ್ಯಾಟಿನ್ ಪಾಠಗಳೂ ಅಂಚೆಯಲ್ಲಿ ಬಂದವು. ಶನಿವಾರ ಬಂದಿತೆಂದರೆ ಮೀಪ್ ಗೀಸ್ ಎಂಬಾಕೆ ಗ್ರಂಥಾಲಯದ ಪುಸ್ತಕಗಳನ್ನು ತರುತ್ತಿದ್ದಳು. ಆನಳಿಗೆ ಬೀಜಗಣಿತವೆಂದರೆ ಆಗದು. ಇತಿಹಾಸ, ಗ್ರೀಕ್ ಪುರಾಣ, ರಾಜವಂಶಗಳ ವಂಶಾವಳಿ ಎಂದರೆ ಪ್ರಾಣ. ಬೇಡವಾದುದನ್ನು ಕಲಿಯಬೇಕಾಗಿದ್ದಿತು; ಬೇಕಾದುದಕ್ಕೂ ಅಲ್ಲಿ ಅವಕಾಶವಿದ್ದಿತು.

ಗಮನಿಸಬೇಕಾದ ಸಂಗತಿಯೆಂದರೆ, ಹಿರಿಯರೂ ಸುಮ್ಮನೆ ಕುಳಿತಿರಲಿಲ್ಲ. ಓಟೊ ಅವರು ಡಿಕನ್ಸನ ಕಾದಂಬರಿಗಳನ್ನಿಟ್ಟುಕೊಂಡು ಇಂಗ್ಲಿಷ್ ಕಲಿಯುತ್ತಿದ್ದರು. ತಾಯಿಗೆ ಅಂಚೆಯ ಮೂಲಕ ಇಂಗ್ಲಿಷ್ ಪಾಠ; ದಂತವೈದ್ಯರಿಗೆ ಸ್ಪ್ಯಾನಿಷ್ ಅಭ್ಯಾಸ. ಓದೆಂಬುದು ಮಕ್ಕಳ ತಲೆಗೆ ಮಾತ್ರ ಕಟ್ಟಿದ ಹೊರೆಯೆಂದು ಆ ಮನೆಯಲ್ಲಿ ಯಾರಿಗೂ ತೋರುವಂತಿರಲಿಲ್ಲ.

ತಂದೆ ಓದದ ದಿನಚರಿ

ಹದಿಮೂರನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಪುಸ್ತಕದಲ್ಲಿ ಆನ್ ದಿನಚರಿ ಬರೆಯುತ್ತಿದ್ದಳು. ‘ಕಿಟ್ಟಿ’ ಎಂಬ ಕಲ್ಪನೆಯ ಗೆಳತಿಗೆ ಬರೆದ ಕಾಗದಗಳವು. ಲೆಕ್ಕದ ಪುಸ್ತಕವೊಂದರಲ್ಲಿ ಸಣ್ಣ ಕಥೆಗಳನ್ನೂ ಬರೆದು, ಕೆಲವನ್ನು ಮನೆಯವರಿಗೆ ಓದಿ ಹೇಳುತ್ತಿದ್ದಳು. ದಿನಚರಿಯ ಮಾತು ಬೇರೆ. ಅದು ತಂದೆಯ ಕೈಚೀಲದಲ್ಲಿಯೇ ಇರುತ್ತಿದ್ದಿತು. ಆದರೂ ಮಗಳಿಗೆ ಕೊಟ್ಟ ಮಾತಿನಂತೆ ಅವರು ಅದನ್ನೆಂದೂ ತೆರೆದು ನೋಡಲಿಲ್ಲ.

1944ರ ಮಾರ್ಚ್ 28ರಂದು ಲಂಡನ್ನಿನಿಂದ ಡಚ್ ಮಂತ್ರಿಯೊಬ್ಬರು ಆಕಾಶವಾಣಿಯಲ್ಲಿ ಮಾತನಾಡಿ, ಯುದ್ಧಕಾಲದ ಕಾಗದಗಳನ್ನೂ ದಿನಚರಿಗಳನ್ನೂ ಕಾಪಾಡಿರೆಂದು ಜನತೆಯನ್ನು ಕೇಳಿಕೊಂಡರು. ತನ್ನ ಬರಹಕ್ಕೂ ಓದುಗರಿರಬಹುದೆಂಬ ಅರಿವು ಹುಡುಗಿಗೆ ಮೂಡಿತು. ಮೇ ತಿಂಗಳಿನಿಂದ ಅವಳು ಹಳೆಯ ದಿನಚರಿಯನ್ನು ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಬೇಡವಾದುದನ್ನು ಕಳೆದಳು, ಮರೆತುದನ್ನು ಸೇರಿಸಿದಳು. ಸುಮಾರು ಹತ್ತು ವಾರಗಳಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆಗಳು ತುಂಬಿದವು. ತಿದ್ದಿ ಬರೆಯೆಂದು ಹೇಳಿದ ಉಪಾಧ್ಯಾಯರು ಯಾರೂ ಇರಲಿಲ್ಲ.

ಆಗಸ್ಟ್ 4ರಂದು ಪೊಲೀಸರು ಬಂದರು. ಒಡವೆ ತುಂಬಿಕೊಳ್ಳಲು ಅಧಿಕಾರಿಯೊಬ್ಬನು ಆ ಕೈಚೀಲವನ್ನು ನೆಲಕ್ಕೆ ಸುರಿದನು. ಚೆಲ್ಲಿದ ಹಾಳೆಗಳನ್ನು ಮೀಪ್ ಮತ್ತು ಬೆಪ್ ಆಯ್ದು ತಂದರು. ಮೀಪ್ ಅವನ್ನು ಓದದೆ ತನ್ನ ಮೇಜಿನ ಖಾನೆಯಲ್ಲಿಟ್ಟಳು. 1945ರ ಆರಂಭದಲ್ಲಿ ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಮಾರ್ಗೊ, ಆನ್ ಇಬ್ಬರೂ ತೀರಿಕೊಂಡರು. ಆನಳಿಗೆ ಆಗ 15 ವರ್ಷ. ಎಂಟು ಮಂದಿಯಲ್ಲಿ ಬದುಕಿ ಬಂದವರು ಓಟೊ ಒಬ್ಬರೇ. ಅನಂತರವೇ ಅವರು ಆ ಹಾಳೆಗಳನ್ನು ಮೊದಲ ಸಲ ಓದಿದುದು. ದಿನವೂ ಜೊತೆಯಲ್ಲಿದ್ದರೂ ಮಗಳ ಮನಸ್ಸಿನ ಆಳ ತಮಗೆ ತಿಳಿದಿರಲಿಲ್ಲವೆಂದು ಅವರು ಮುಂದೆ ಒಪ್ಪಿಕೊಂಡರು. 1947ರ ಜೂನ್ 25ರಂದು ಆ ಬರಹ ಪುಸ್ತಕವಾಗಿ ಹೊರಬಂದಿತು.

ಮನೆಯವರು ಮಾಡಬಹುದಾದುದು

ಪ್ರತಿ ಮಗುವೂ ಆನಳಂತೆ ಬರೆಯಲೆಂದು ಯಾರೂ ನಿರೀಕ್ಷಿಸಬೇಕಾಗಿಲ್ಲ. ಆದರೆ ದಿನಕ್ಕೆ ಒಂದು ಗಂಟೆ ಮನೆಯೆಲ್ಲ ಸದ್ದಿಲ್ಲದಿರುವಂತೆ ಮಾಡುವುದು ಕಷ್ಟವಲ್ಲ. ಆ ಹೊತ್ತಿನಲ್ಲಿ ತಂದೆ ಫೋನನ್ನು ಬದಿಗಿಟ್ಟು, ತಾಯಿ ಅಡಿಗೆಮನೆಯಿಂದ ಬಿಡುವು ಮಾಡಿಕೊಂಡು, ತಾವೂ ಏನನ್ನಾದರೂ ಕಲಿಯುತ್ತಿದ್ದರೆ ಮಗುವಿಗೆ ಬೇರೆ ಉಪದೇಶ ಬೇಕಾಗದು.

ಬರಹಕ್ಕೆ ಓದುವವರೊಬ್ಬರು ಬೇಕು. ಊರಿನಲ್ಲಿರುವ ಅಜ್ಜಿಗೆ ಕಾಗದ, ಸೋದರಮಾವನ ಮದುವೆಯ ವರ್ಣನೆ, ತಾತ ಹೇಳಿದ ಹಳೆಯ ಸಂಗತಿ, ಇಂತಹವನ್ನು ಬರೆಯಿಸಬಹುದು. ಬರೆದುದನ್ನು ತೋರಿಸಿದಾಗ ಒತ್ತಕ್ಷರದ ತಪ್ಪಿಗೆ ಮೊದಲೇ ಕೆಂಪು ಗೆರೆ ಎಳೆಯಬಾರದು. ಹೇಳಿದ ವಿಷಯಕ್ಕೆ ಮೊದಲು ಉತ್ತರ ಕೊಟ್ಟು, ತಿಳಿಯದ ಕಡೆ ಪ್ರಶ್ನೆ ಕೇಳಬೇಕು. ವಾರಕ್ಕೊಂದು ಬರಹವನ್ನು ಮಗುವೇ ತಿದ್ದಿ ಮತ್ತೆ ಬರೆದರೆ ತಪ್ಪುಗಳಲ್ಲಿ ಎಷ್ಟೋ ತಾವಾಗಿ ಕಳೆಯುತ್ತವೆ.

ಇವೆಲ್ಲದರ ಜೊತೆಗೆ ಯಾರೂ ಮುಟ್ಟದ ನೋಟುಬುಕ್ಕೊಂದು ಮಗುವಿಗಿರಲಿ. ಅದನ್ನು ತೆರೆಯುವ ಅಧಿಕಾರ ಬರೆದವರಿಗೆ ಮಾತ್ರ. “ಅಪ್ಪಾ, ಇದನ್ನು ಓದಿ ಹೇಳಲೇ?” ಎಂದು ಮಗುವೇ ಬಂದು ಕೇಳುವ ದಿನವೂ ಬಂದೀತು. ಅಂದು ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು ಕೇಳಬೇಕು.