ರೈಲಿನ ಹೆಗಲ ಮೇಲೆ ಬೈಸಿಕಲ್ಲು

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ಪಂಗ್ವಂಧನ್ಯಾಯವೆಂಬುದೊಂದು ಪ್ರಸಿದ್ಧವಾಗಿದೆ. ಕುರುಡನಿಗೆ ಕಾಲುಂಟು, ಕಣ್ಣಿಲ್ಲ. ಕುಂಟನಿಗೆ ಕಣ್ಣುಂಟು, ಕಾಲಿಲ್ಲ. ಕುಂಟನು ಕುರುಡನ ಹೆಗಲೇರಿ ದಾರಿಯನ್ನು ತೋರಿಸಲಾಗಿ ಇಬ್ಬರೂ ಊರನ್ನು ಸೇರುತ್ತಾರೆ. ಸಾಂಖ್ಯರು ಪ್ರಕೃತಿ ಪುರುಷರ ಸಂಬಂಧವನ್ನು ತಿಳಿಸುವುದಕ್ಕೆ ಈ ದೃಷ್ಟಾಂತವನ್ನು ತಂದರು. ಉಪಾಧ್ಯಾಯ ವೃತ್ತಿಯಲ್ಲಿದ್ದಷ್ಟು ಕಾಲವೂ ನಾನು ಇದನ್ನು ಹುಡುಗರಿಗೆ ಕಥೆಯಾಗಿ ಹೇಳುತ್ತಿದ್ದೆನು. ನಿವೃತ್ತನಾದ ಮೇಲೆ, ಇದೇ ನ್ಯಾಯವು ರೈಲುಗಾಡಿಗೂ ಬೈಸಿಕಲ್ಲಿಗೂ ಎಷ್ಟು ಚೆನ್ನಾಗಿ ಒಪ್ಪುವುದೆಂಬುದು ಅನುಭವಕ್ಕೆ ಬಂದಿತು. ರೈಲಿಗೆ ಬಲವುಂಟು, ಆದರೆ ಅದು ಕಂಬಿಯನ್ನು ಬಿಟ್ಟು ಒಂದು ಗೇಣು ಆಚೆಗೆ ಸರಿಯಲಾರದು. ಬೈಸಿಕಲ್ಲು ಹೊಲದ ಬದುವಿನ ಮೇಲೂ ಹೋಗಬಲ್ಲುದು. ಆದರೆ ಅದರ ಬಲವೆಲ್ಲವೂ ಏರಿದವನ ಮೊಣಕಾಲಿನಲ್ಲಿದೆ. ಅರುವತ್ತು ವರ್ಷದ ಮೊಣಕಾಲಿನ ಬಲವೆಷ್ಟೆಂಬುದನ್ನು ವಾಚಕರೇ ಊಹಿಸಬಹುದು. ಒಂದರ ಹೆಗಲ ಮೇಲೆ ಇನ್ನೊಂದನ್ನು ಏರಿಸಿದರೆ ಸಾಮಾನ್ಯ ಗೃಹಸ್ಥನೂ ಮೂರು ನಾಲ್ಕು ದಿನಗಳ ಬಿಡುವಿನಲ್ಲಿ ದೂರದ ನಾಡನ್ನು ನಿಧಾನವಾಗಿ ನೋಡಿಬರಬಹುದು. ಅದರ ಕ್ರಮವನ್ನೂ, ಅದರಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ ಇಲ್ಲಿ ನಿವೇದಿಸುತ್ತೇನೆ.

ನನ್ನ ತಂಗಿಯ ಮಗನಿಗೆ ಹದಿನೆಂಟು ವರ್ಷ. ಪರೀಕ್ಷೆ ಮುಗಿದೊಡನೆ ಮೈಸೂರಿನಿಂದ ಬೇಲೂರು ಹಳೇಬೀಡುಗಳಿಗೆ ಬೈಸಿಕಲ್ಲಿನ ಮೇಲೆ ಹೋಗಿಬರಬೇಕೆಂದು ಅವನು ಹಟ ಹಿಡಿದನು. ಹುಡುಗನ ಆಸೆಯು ಕೆಟ್ಟದ್ದಲ್ಲ. ಆದರೆ ಅವನ ತಾಯಿಯ ಭಯವೂ ಸುಳ್ಳಲ್ಲ. ಏಳು ವರ್ಷಗಳ ಹಿಂದೆ ಹೆದ್ದಾರಿಯಲ್ಲಿ ನಡೆದ ಒಂದು ಅಪಘಾತದಲ್ಲಿ ಅವಳು ತನ್ನ ಪತಿಯನ್ನು ಕಳೆದುಕೊಂಡವಳು. ಆ ದಿನದಿಂದ ಮಗನು ಸಂಜೆ ಹತ್ತು ನಿಮಿಷ ತಡವಾಗಿ ಬಂದರೂ ಅವಳು ಬಾಗಿಲಿನಲ್ಲಿಯೇ ನಿಂತಿರುವಳು. “ನಾನೂ ಜೊತೆಗೆ ಹೋಗುತ್ತೇನೆ” ಎಂದು ಧೈರ್ಯ ಹೇಳಹೋದೆನು. ಅವಳು, “ಅಣ್ಣಾ, ನೀನು ಜೊತೆಗಿದ್ದರೆ ಲಾರಿ ನಿನ್ನ ಮಾತು ಕೇಳುತ್ತದೆಯೇ?” ಎಂದಳು. ತರ್ಕಶಾಸ್ತ್ರವನ್ನು ಓದಿದ್ದರೂ ನನಗೆ ಉತ್ತರ ತೋಚಲಿಲ್ಲ.

ಎರಡು ದಿನಗಳ ತರುವಾಯ ಉತ್ತರವು ರೈಲಿನ ವೇಳಾಪಟ್ಟಿಯಲ್ಲಿ ದೊರೆಯಿತು. ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ೧೬೬ ಕಿಲೋಮೀಟರುಗಳ ರೈಲುದಾರಿಯಿದೆ. ವಾಹನಗಳ ನುಗ್ಗಾಟವಿರುವ ಈ ದೂರವನ್ನು ಬೈಸಿಕಲ್ಲಿನೊಂದಿಗೆ ರೈಲಿನಲ್ಲಿಯೇ ಕಳೆಯುವುದು. ಅರಸೀಕೆರೆಯಲ್ಲಿ ಇಳಿದು ಜಾವಗಲ್ಲಿನ ದಾರಿಯಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ತುಳಿಯುವುದು. ಹಾಸನದಲ್ಲಿ ಮತ್ತೆ ರೈಲನ್ನು ಹತ್ತಿ ಮನೆಗೆ ಬರುವುದು. ಹೀಗೆ ಒಂದು ಕಾಗದದ ಮೇಲೆ ಊರೂರಿನ ಹೆಸರನ್ನೂ ವೇಳೆಯನ್ನೂ ಬರೆದು ತಂಗಿಯ ಮುಂದಿಟ್ಟೆನು. ಅವಳು ಅದನ್ನು ಎರಡು ಸಲ ಓದಿದಳು. ಕಡೆಗೆ ಮೂರು ಕರಾರುಗಳ ಮೇಲೆ ಒಪ್ಪಿದಳು: ಹುಡುಗನನ್ನು ಒಂಟಿಯಾಗಿ ಬಿಡಕೂಡದು, ದೀಪ ಹಚ್ಚುವ ಹೊತ್ತಾದ ಮೇಲೆ ತುಳಿಯಕೂಡದು, ಪ್ರತಿ ಸಂಜೆಯೂ ದೂರವಾಣಿಯಲ್ಲಿ ಮಾತನಾಡಬೇಕು.

ರೈಲು ಬೈಸಿಕಲ್ಲುಗಳ ಈ ಸ್ನೇಹವು ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸಿಗಳ ಸಂಘವು ೧೮೭೮ರಷ್ಟು ಹಿಂದೆಯೇ ಹುಟ್ಟಿತು. ಎರಡು ಗಾಲಿಗಳೂ ಹೆಚ್ಚುಕಡಮೆ ಸಮನಾಗಿದ್ದು ಸರಪಳಿಯಿಂದ ನಡೆಯುವ ಸ್ಟಾರ್ಲಿಯ ಬೈಸಿಕಲ್ಲು ಬಂದದ್ದು ೧೮೮೫ರಲ್ಲಿ. ಡನ್ಲಪ್ಪನು ಗಾಳಿ ತುಂಬಿದ ರಬ್ಬರಿನ ಟೈರಿಗೆ ಹಕ್ಕನ್ನು ಪಡೆದದ್ದು ೧೮೮೮ರಲ್ಲಿ. ಇವೆರಡರಿಂದ ಬೈಸಿಕಲ್ಲು ಸಾಹಸಿಗಳ ಕೈಯಿಂದ ಗೃಹಸ್ಥರ ಕೈಗೆ ಬಂದಿತು. ಪಟ್ಟಣದವರು ಗಾರ್ಡನ ಡಬ್ಬಿಯಲ್ಲಿ ಅದನ್ನು ಹಾಕಿಸಿಕೊಂಡು ಹಳ್ಳಿಯ ನಿಲ್ದಾಣಗಳಲ್ಲಿ ಇಳಿಯುವುದು ಆ ದೇಶದಲ್ಲಿ ವಾಡಿಕೆಯಾಯಿತು.

ಇನ್ನು ನಮ್ಮ ದೇಶದ ಕ್ರಮವನ್ನು ಹೇಳುತ್ತೇನೆ. ಬೈಸಿಕಲ್ಲನ್ನು ಇದ್ದ ಹಾಗೆಯೇ ನಾವು ಕುಳಿತುಕೊಳ್ಳುವ ಡಬ್ಬಿಯೊಳಕ್ಕೆ ಒಯ್ಯಲಾಗದು. ಬೇರೆಯವರ ಕಾಲಿಗೂ ಮೈಗೂ ಅದರಿಂದ ತೊಂದರೆ. ಅದು ಸಾಮಾನಿನ ಡಬ್ಬಿಯಲ್ಲಿ ಹೋಗತಕ್ಕದ್ದು. ಇದಕ್ಕೆ ಎರಡು ಮಾರ್ಗಗಳುಂಟು. ನಮ್ಮ ಪ್ರಯಾಣದ ಟಿಕೆಟ್ಟನ್ನು ತೋರಿಸಿ ಲಗೇಜಾಗಿ ಕಳುಹಿಸುವುದು ಒಂದು. ಇದರಿಂದ ಅದು ನಾವು ಹೋಗುವ ರೈಲಿನಲ್ಲಿಯೇ ಬರುತ್ತದೆ. ಟಿಕೆಟ್ಟಿನ ಸಂಬಂಧವಿಲ್ಲದೆ ಪಾರ್ಸಲ್ಲಾಗಿ ಕಳುಹಿಸುವುದು ಇನ್ನೊಂದು. ಇದು ಬೇರೆ ರೈಲಿನಲ್ಲಿಯೂ ಬರಬಹುದು. ಪ್ರವಾಸಿಗೆ ಮೊದಲನೆಯದೇ ಮೇಲು. ಪ್ರಯಾಣಿಕನಿಗೆ ಉಚಿತವಾಗಿ ಬಿಡುವ ತೂಕದಲ್ಲಿ ಬೈಸಿಕಲ್ಲು ಸೇರುವುದಿಲ್ಲ; ತೂಕವನ್ನೂ ದೂರವನ್ನೂ ನೋಡಿ ಹಣ ಕಟ್ಟಿಸಿಕೊಳ್ಳುತ್ತಾರೆ. ರೈಲು ಹೊರಡುವುದಕ್ಕೆ ಅರ್ಧ ಗಂಟೆಯಾದರೂ ಮುಂಚೆ ಸಾಮಾನನ್ನು ಒಪ್ಪಿಸಬೇಕೆಂದು ವಿಧಿಯಿದೆ. ನನ್ನ ಅನುಭವದಲ್ಲಿ ಅರ್ಧ ಗಂಟೆಯು ಸಾಲದು. ಒಂದೂವರೆ ಗಂಟೆ ಮುಂಚೆ ಹೋದವನೇ ಸಮಾಧಾನದಿಂದ ಕಾಫಿ ಕುಡಿಯುವನು.

ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕಾದ ಸಂಗತಿಗಳು ಮೂರು. ಒಂದನೆಯದು, ಆ ರೈಲಿಗೆ ಸಾಮಾನಿನ ಡಬ್ಬಿಯಿದೆಯೆ? ವಂದೇ ಭಾರತ್ ಮೊದಲಾದ ಹೊಸ ಬಗೆಯ ರೈಲುಗಳಿಗೆ ಅದಿಲ್ಲ. ಕೆಲವು ರೈಲುಗಳಲ್ಲಿ ಆ ಡಬ್ಬಿಯ ಸ್ಥಳವನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿರುವುದೂ ಉಂಟು. ಎರಡನೆಯದು, ನಾವು ಇಳಿಯುವ ನಿಲ್ದಾಣದಲ್ಲಿ ಸಾಮಾನನ್ನು ಇಳಿಸುವ ವ್ಯವಸ್ಥೆಯಿದೆಯೆ, ರೈಲು ಅಲ್ಲಿ ಸಾಕಷ್ಟು ಹೊತ್ತು ನಿಲ್ಲುವುದೆ? ಎರಡೇ ನಿಮಿಷ ನಿಲ್ಲುವ ಕಡೆಯಲ್ಲಿ ಮನುಷ್ಯನು ಹಾರಿ ಇಳಿದಾನು, ಬೈಸಿಕಲ್ಲು ಇಳಿಯಲಾರದು. ಆದುದರಿಂದಲೇ ನಾನು ಸಣ್ಣ ನಿಲ್ದಾಣವೊಂದನ್ನು ಬಿಟ್ಟು ಅರಸೀಕೆರೆಯ ಜಂಕ್ಷನ್ನನ್ನು ಆರಿಸಿಕೊಂಡೆನು. ಮೂರನೆಯದು, ಹಿಂದಿರುಗುವ ದಿನದ ಊರಿನಲ್ಲಿಯೂ ಸಾಮಾನಿನ ಕಚೇರಿಯು ನಮಗೆ ಬೇಕಾದ ಹೊತ್ತಿನಲ್ಲಿ ತೆರೆದಿರುವುದೆ?

ಕಟ್ಟುವ ಕೆಲಸವನ್ನು ಹಿಂದಿನ ದಿನವೇ ಮನೆಯಲ್ಲಿ ಮುಗಿಸುವುದು ಲೇಸು. ದೀಪ, ಪಂಪು, ನೀರಿನ ಸೀಸೆ, ಚೀಲ, ಇವನ್ನೆಲ್ಲ ಬಿಚ್ಚಿ ಕೈಯಲ್ಲಿಟ್ಟುಕೊಳ್ಳಬೇಕು. ಹ್ಯಾಂಡಲನ್ನು ಸಡಿಲಿಸಿ ಚೌಕಟ್ಟಿಗೆ ಸಮಾನಾಂತರವಾಗಿ ತಿರುಗಿಸಿದರೆ ಇಕ್ಕಟ್ಟಿನಲ್ಲಿಯೂ ನಿಲ್ಲುತ್ತದೆ. ಪೆಡಲುಗಳನ್ನು ಕಳಚುವಾಗ ಒಂದು ವಿಷಯವನ್ನು ನೆನಪಿಡಬೇಕು: ಎಡಗಡೆಯ ಪೆಡಲಿನ ಮರೆಯು ವಿಲೋಮವಾದದ್ದು, ಅದನ್ನು ಬಿಚ್ಚುವುದಕ್ಕೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಬೇಕು. ಇದನ್ನರಿಯದೆ ಬಲವನ್ನು ಪ್ರಯೋಗಿಸಿ ಮರೆಯನ್ನು ಕೆಡಿಸಿದವರನ್ನು ಕಂಡಿದ್ದೇನೆ. ಚೌಕಟ್ಟಿಗೂ ಸರಪಳಿಗೂ ಹಳೆಯ ಗೋಣಿಯನ್ನು ಸುತ್ತಿ ಸೆಣಬಿನ ಹುರಿಯಿಂದ ಬಿಗಿಯಬೇಕು. ಆದರೆ ಗಾಲಿಗಳು ಉರುಳುವಂತಿರಬೇಕು. ಕೂಲಿಯವನು ಉರುಳಿಸಿಕೊಂಡು ಹೋಗುವುದನ್ನು ಎಸೆಯುವುದಿಲ್ಲ. ಹೊತ್ತುಕೊಂಡು ಹೋಗುವುದನ್ನು ಎಸೆದಾನು. ಹೆಸರು, ಹೊರಟ ಊರು, ಸೇರುವ ಊರು, ದೂರವಾಣಿಯ ಸಂಖ್ಯೆ, ಇವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಎರಡು ಕಡೆ ಚೀಟಿ ಕಟ್ಟಬೇಕು. ಡಬ್ಬಿಗೆ ಏರಿಸುವುದನ್ನು ಕಣ್ಣಾರೆ ನೋಡಿ, ಅದು ರೈಲಿನ ಮುಂದಿದೆಯೋ ಹಿಂದಿದೆಯೋ ಗುರುತಿಟ್ಟುಕೊಂಡು, ರಸೀತಿಯನ್ನು ಒಳಜೇಬಿನಲ್ಲಿಟ್ಟುಕೊಂಡು, ಅನಂತರ ನಮ್ಮ ಸ್ಥಳಕ್ಕೆ ಹೋಗಬೇಕು.

ಇಷ್ಟೆಲ್ಲವನ್ನೂ ನಾನು ಹುಡುಗನಿಗೆ ಪಾಠದಂತೆ ಹೇಳಿ ಮಾಡಿಸಿದೆನು. ರೈಲು ಅರಸೀಕೆರೆಗೆ ಬಂದಿತು. ಸಾಮಾನಿನ ಡಬ್ಬಿಯ ಬಳಿಗೆ ಓಡಿದೆವು. ಹುಡುಗನ ಬೈಸಿಕಲ್ಲು ಇಳಿಯಿತು, ನನ್ನದು ಇಳಿಯಲಿಲ್ಲ. ಒಳಗೆ ಇಣುಕಿ ನೋಡಿದರೆ ಅದು ಅಲ್ಲಿ ಇರಲೇ ಇಲ್ಲ. “ಮಾವ, ನಿಮ್ಮ ಸೈಕಲ್ಲಿಗೆ ಹಿಂದಿನ ಸಲದ ಚೀಟಿ ಇತ್ತಲ್ಲ, ಅದನ್ನು ತೆಗೆದಿರಾ?” ಎಂದು ಹುಡುಗನು ಮೆಲ್ಲಗೆ ಕೇಳಿದನು. ನನ್ನ ಎದೆ ಧಸಕ್ಕೆಂದಿತು. ಎರಡು ತಿಂಗಳ ಹಿಂದೆ ಇದೇ ದಾರಿಯ ನಡುವಿನ ಒಂದು ಊರಿಗೆ ಅದನ್ನು ಕಳುಹಿಸಿದ್ದೆನು. ಆಗಿನ ಚೀಟಿಯು ಸೀಟಿನ ಕೆಳಗೆ ಭದ್ರವಾಗಿ ಕಟ್ಟಿಕೊಂಡೇ ಇತ್ತು. ಹೊಸ ಚೀಟಿಯು ಗೋಣಿಯ ಮಡಿಕೆಯಲ್ಲಿ ಮರೆಯಾಗಿ ಹಳೆಯದು ಎದ್ದು ಕಂಡಿರಬೇಕು. ಅದನ್ನು ಓದಿದವರು ಓದಿದಂತೆಯೇ ನಡೆದು ಬೈಸಿಕಲ್ಲನ್ನು ಆ ಊರಿನಲ್ಲಿ ಇಳಿಸಿದ್ದರು. ಅವರನ್ನು ದೂರುವುದಕ್ಕೆ ಸ್ಥಳವೆಲ್ಲಿದೆ? ಮೂವತ್ತು ವರ್ಷ ಹುಡುಗರ ಬರೆಹವನ್ನು ತಿದ್ದಿದವನು ತನ್ನ ಬರೆಹದ ಹಳೆಯ ತಪ್ಪನ್ನು ಅಳಿಸದೆ ಹೋಗಿದ್ದನು!

ರಸೀತಿಯನ್ನು ತೋರಿಸಲಾಗಿ ಕಚೇರಿಯವರು ದೂರವಾಣಿಯಲ್ಲಿ ವಿಚಾರಿಸಿ, ಮರುದಿನದ ರೈಲಿನಲ್ಲಿ ಕಳುಹಿಸುವ ಏರ್ಪಾಡಾಗಿದೆಯೆಂದರು. ಹುಡುಗನ ಬೈಸಿಕಲ್ಲು ಸಿದ್ಧವಾಗಿ ನಿಂತಿದೆ. ಬೆಳಗಿನ ದಾರಿಯು ಕರೆಯುತ್ತಿದೆ. “ನಾನು ಮುಂದೆ ಹೋಗಿ ಹಳೇಬೀಡಿನಲ್ಲಿ ಕಾದಿರಲೆ?” ಎಂದು ಅವನು ಕೇಳಿದ್ದರೆ ನಾನು ಆಶ್ಚರ್ಯಪಡುತ್ತಿರಲಿಲ್ಲ. ಅವನು ಕೇಳಲಿಲ್ಲ. ತನ್ನ ಬೈಸಿಕಲ್ಲಿಗೆ ಬೀಗ ಹಾಕಿ, “ನಾಳೆ ಹೋಗೋಣ, ಮಾವ. ಅಮ್ಮನಿಗೆ ಮಾತು ಕೊಟ್ಟಿದ್ದೇವಲ್ಲ” ಎಂದನು. ಆ ದಿನವನ್ನು ಅರಸೀಕೆರೆಯ ಹೊಯ್ಸಳರ ಕಾಲದ ಈಶ್ವರ ದೇವಾಲಯದಲ್ಲಿ ಕಳೆದೆವು. ರೈಲಿನ ಕಿಟಕಿಯಿಂದ ಈ ಊರನ್ನು ಎಷ್ಟೋ ಸಲ ಕಂಡಿದ್ದ ನಾನು ಆ ಗುಡಿಯನ್ನು ಒಮ್ಮೆಯೂ ನೋಡಿರಲಿಲ್ಲ. ಸಂಜೆ ತಂಗಿಗೆ ನಡೆದದ್ದನ್ನು ಮರೆಮಾಚದೆ ಹೇಳಿದೆನು. ಬೈಯುವಳೆಂದು ಎಣಿಸಿದ್ದೆ, ಅವಳು ನಕ್ಕಳು. ಬಹು ದಿನಗಳ ಮೇಲೆ ಆ ನಗುವನ್ನು ಕೇಳಿದೆನು.

ಮರುದಿನ ಬೈಸಿಕಲ್ಲು ಬಂದಿತು. ಆ ರಾತ್ರಿಯೂ ಅಲ್ಲಿಯೇ ತಂಗಿದ್ದು ಅದರ ಮುಂದಿನ ಬೆಳಗ್ಗೆ ಹೊರಟೆವು. ಅರಸೀಕೆರೆಯಿಂದ ಹಳೇಬೀಡಿಗೆ ಸುಮಾರು ೪೦ ಕಿಲೋಮೀಟರು. ತೆಂಗಿನ ತೋಟಗಳ ನೆರಳು, ರಾಗಿಯ ಹೊಲಗಳ ಬಯಲು, ನಡುವೆ ಜಾವಗಲ್ಲಿನ ಲಕ್ಷ್ಮೀನರಸಿಂಹನ ಗುಡಿ. ಅವಲಕ್ಕಿಯನ್ನು ಅಲ್ಲಿಯೇ ಬಿಚ್ಚಿದೆವು. ಮೋಟಾರಿನಲ್ಲಿ ಹೋಗುವವನಿಗೆ ಊರಿನಿಂದ ಊರಿಗೆ ನಡುವೆ ಏನೂ ಇರುವುದಿಲ್ಲ, ಬೈಸಿಕಲ್ಲಿನವನಿಗೆ ಪ್ರತಿಯೊಂದು ಏರೂ ಪರಿಚಯವಾಗುತ್ತದೆ, ಪ್ರತಿಯೊಂದು ಬಾವಿಕಟ್ಟೆಯಲ್ಲಿಯೂ “ಎಲ್ಲಿಂದ ಬಂದಿರಿ ಯಜಮಾನ್ರೇ?” ಎಂಬ ಮಾತು ಸಿಗುತ್ತದೆ. ಮಧ್ಯಾಹ್ನದ ಮೇಲೆ ದೋರಸಮುದ್ರದ ಕೆರೆಯು ಕಣ್ಣಿಗೆ ಬಿದ್ದಾಗ, ಹೊಯ್ಸಳರ ರಾಜಧಾನಿಗೆ ಹಿಂದಿನವರು ಹೀಗೆಯೇ ಮೈ ಬೆವತು ಬಂದಿರಬೇಕೆಂದು ತೋರಿತು.

ಮರುದಿನ ಬೇಲೂರಿಗೆ ೧೬ ಕಿಲೋಮೀಟರು. ೧೧೧೭ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನನ್ನು ಕಂಡೆವು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಯಾತ್ರಿಕರು ದೇಶದೇಶಗಳಿಂದ ಬರುವುದು ಸಹಜವೇ. ಕಾಲು ನೋಯುತ್ತಿದ್ದುದರಿಂದ ನಾವು ಒಂದೊಂದು ಮದನಿಕೆಯ ಮುಂದೆಯೂ ಹೆಚ್ಚು ಹೊತ್ತು ನಿಂತೆವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಬೇಲೂರಿನಿಂದ ಹಾಸನಕ್ಕೆ ಸುಮಾರು ೪೦ ಕಿಲೋಮೀಟರು. ಆ ರಸ್ತೆಯಲ್ಲಿ ವಾಹನಗಳ ಸಂಚಾರ ಹೆಚ್ಚು. ಆದುದರಿಂದ ಬೆಳಕು ಹರಿಯುತ್ತಲೇ ಹೊರಟು, ಒಬ್ಬರ ಹಿಂದೊಬ್ಬರು ಅಂಚಿನಲ್ಲಿ ತುಳಿದು, ಬಿಸಿಲೇರುವ ಮುನ್ನ ನಿಲ್ದಾಣವನ್ನು ಸೇರಿದೆವು. ಅಲ್ಲಿ ಚೀಟಿಗಳನ್ನು ಹುಡುಗನೇ ಬರೆದನು; ಹಳೆಯವನ್ನು ಅವನೇ ಕಿತ್ತನು. ನಾನು ಸುಮ್ಮನೆ ನಿಂತು ನೋಡಿದೆನು.

ಹಾಲೆಂಡಿನಲ್ಲಿ ಜನರು ಕಚೇರಿಯ ನುಗ್ಗಾಟದ ವೇಳೆಯನ್ನು ಬಿಟ್ಟು ಉಳಿದ ಹೊತ್ತಿನಲ್ಲಿ ಬೈಸಿಕಲ್ಲಿಗೂ ಒಂದು ಟಿಕೆಟ್ಟು ಕೊಂಡು ತಮ್ಮ ಡಬ್ಬಿಯಲ್ಲಿಯೇ ಒಯ್ಯುತ್ತಾರೆ. ಜಪಾನಿನವರು ಗಾಲಿಗಳನ್ನು ಕಳಚಿ ಒಂದು ದೊಡ್ಡ ಚೀಲದಲ್ಲಿಟ್ಟು ಕೈಸಾಮಾನಿನಂತೆ ರೈಲಿಗೆ ಏರಿಸುತ್ತಾರೆ. ಆ ಪದ್ಧತಿಗೆ ಅಲ್ಲಿ ರಿಂಕೋ ಎಂದು ಹೆಸರು. ನಮ್ಮ ಬೆಂಗಳೂರಿನ ಮೆಟ್ರೋದಲ್ಲಿಯೂ ನಿಯತವಾದ ಅಳತೆಯೊಳಗೆ ಮಡಿಚಿಕೊಳ್ಳುವ ಬೈಸಿಕಲ್ಲುಗಳಿಗೆ ೨೦೨೨ರಲ್ಲಿ ಅವಕಾಶ ದೊರೆಯಿತು. ದೂರದ ರೈಲುಗಳಲ್ಲಿ ನಾಲ್ಕೈದು ಬೈಸಿಕಲ್ಲುಗಳನ್ನು ನಿಲ್ಲಿಸುವ ಗೂಡೊಂದನ್ನು ಮಾಡಿಕೊಟ್ಟರೆ, ಮಕ್ಕಳನ್ನು ಹೆದ್ದಾರಿಗೆ ಕಳುಹಿಸಲು ಅಂಜುವ ಎಷ್ಟೋ ತಾಯಂದಿರು ನಾಡನ್ನು ನೋಡುವುದಕ್ಕೆ ಕಳುಹಿಸಿಯಾರು. ಅದು ಬರುವವರೆಗೆ ಗೋಣಿ, ಹುರಿ, ಚೀಟಿ, ತಾಳ್ಮೆ ಇವೇ ನಮಗೆ ಸಾಧನಗಳು.

ಬರುವ ತಿಂಗಳು ಸೋದರಮಾವನೂ ಅಳಿಯನೂ ತಾಳಗುಪ್ಪದ ಕಡೆಗೆ ಹೊರಡಬೇಕೆಂದಿದ್ದೇವೆ. ಜೋಗವು ಅಲ್ಲಿಂದ ಹತ್ತಿರ. ಅಲ್ಲಿ ಬೈಸಿಕಲ್ಲನ್ನು ಇಳಿಸಿಕೊಳ್ಳಬಹುದೋ ಇಲ್ಲವೋ ಎಂದು ಮೊದಲು ವಿಚಾರಿಸುವ ಕೆಲಸವನ್ನು ಹುಡುಗನಿಗೆ ಒಪ್ಪಿಸಿದ್ದೇನೆ. ನಿನ್ನೆ ತಂಗಿಯು ಮನೆಗೆ ಬಂದವಳು ಹಿತ್ತಲಿಗೆ ಹೋಗಿ ನನ್ನ ಬೈಸಿಕಲ್ಲಿನ ಸೀಟಿನ ಕೆಳಗೆ ಕೈಯಾಡಿಸಿ ನೋಡಿ, “ಹಾಸನದ ಚೀಟಿ ಇನ್ನೂ ಇಲ್ಲೇ ಇದೆ ಅಣ್ಣಾ” ಎಂದು ಅದನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡಳು.