‘100 ರೂಪಾಯಿಗೆ 10 ನೋಟು’ ಒಗಟು: ಉತ್ತರ ನಿಜವಾಗಿಯೂ ಒಂದೇನಾ?

“ನಿಮ್ಮ ಹತ್ತಿರ 100 ರೂಪಾಯಿ ಇರಬೇಕು. ನೋಟುಗಳು ಸರಿಯಾಗಿ 10 ಇರಬೇಕು. ಆದರೆ 10 ರೂಪಾಯಿ ನೋಟು ಒಂದೂ ಇರಬಾರದು. ಐಎಎಸ್ ಸಂದರ್ಶನದಲ್ಲಿ ಕೇಳಿದ ಪ್ರಶ್ನೆ, ಶೇ. 99 ಮಂದಿ ಫೇಲ್! ಜಾಣರಾದರೆ ಉತ್ತರಿಸಿ.”

ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಒಗಟಿನ ಬಗ್ಗೆ ನಮಗೆ ತಕರಾರಿಲ್ಲ, ಲೆಕ್ಕ ಚೆನ್ನಾಗಿಯೇ ಇದೆ. ತಕರಾರು ಇರುವುದು ಅದರ ಸುತ್ತ ಅಂಟಿಸಿದ ಮಾತುಗಳ ಬಗ್ಗೆ. ಮನೆಯವರ ಗ್ರೂಪ್‌ನಲ್ಲಿ ಎಂಟನೇ ತರಗತಿಯ ಹುಡುಗಿ ಒಂದು ಉತ್ತರ ಬರೆಯುತ್ತಾಳೆ. ದೊಡ್ಡವರೊಬ್ಬರು “ತಪ್ಪು” ಎಂದು ಹೇಳಿ ಫಾರ್ವರ್ಡ್ ಜೊತೆ ಬಂದ ಉತ್ತರವನ್ನು ಕೆಳಗೆ ಹಾಕುತ್ತಾರೆ. ಆ ಹುಡುಗಿಯ ಉತ್ತರವೂ ಸರಿ ಇರಬಹುದೇ ಎಂದು ಯಾರೂ ಕೂಡಿಸಿ ನೋಡುವುದಿಲ್ಲ. ಇನ್ನು ಕೆಲವು ಒಗಟುಗಳಿಗೆ ಉತ್ತರವೇ ಇರುವುದಿಲ್ಲ. ಅದು ಗೊತ್ತಿಲ್ಲದೆ ಮಕ್ಕಳು ಗಂಟೆಗಟ್ಟಲೆ ಕೂತು ಕೊನೆಗೆ “ನಂಗೆ ಲೆಕ್ಕ ಬರಲ್ಲ” ಅಂದುಕೊಳ್ಳುತ್ತಾರೆ. ಹಾಗಾಗಿ ಈ ನೋಟಿನ ಒಗಟನ್ನು ನಾವು ಪೂರ್ತಿ ಬಿಡಿಸಿ ನೋಡೋಣ.

ಊಹೆ ಬೇಡ, ಬದಲಿಸುತ್ತಾ ಹೋಗಿ

ಹೆಚ್ಚಿನವರು ಕಣ್ಣಿಗೆ ಕಂಡ ನೋಟುಗಳನ್ನು ಕೂಡಿಸುತ್ತಾ, ಅಳಿಸುತ್ತಾ ಹೋಗುತ್ತಾರೆ. ಅದಕ್ಕಿಂತ ಸುಲಭದ ದಾರಿ ಒಂದಿದೆ. ಮೊದಲು ಹತ್ತೂ ನೋಟು 1 ರೂಪಾಯಿಯವೇ ಎಂದುಕೊಳ್ಳಿ. ನೋಟಿನ ಸಂಖ್ಯೆ ಸರಿಯಾಯಿತು, ಆದರೆ ಕೈಯಲ್ಲಿರುವುದು 10 ರೂಪಾಯಿ ಮಾತ್ರ. ಇನ್ನೂ 90 ರೂಪಾಯಿ ಬೇಕು.

ಈಗ ಒಂದೊಂದೇ ನೋಟನ್ನು ಬದಲಿಸೋಣ. 1 ರೂಪಾಯಿ ತೆಗೆದು 2 ರೂಪಾಯಿ ಇಟ್ಟರೆ ಮೊತ್ತ 1 ಏರುತ್ತದೆ. 5 ಇಟ್ಟರೆ 4, 20 ಇಟ್ಟರೆ 19, 50 ಇಟ್ಟರೆ 49 ಏರುತ್ತದೆ. ಅಂದರೆ ಒಗಟು ಈಗ ಇಷ್ಟಕ್ಕೆ ಇಳಿಯಿತು: 49, 19, 4, 1 ಈ ಏರಿಕೆಗಳಿಂದ 90 ಮಾಡಬೇಕು, ಬದಲಾವಣೆ ಹತ್ತನ್ನು ಮೀರಬಾರದು.

ಎರಡು 50 ಇಟ್ಟರೆ 98 ಆಗಿಬಿಡುತ್ತದೆ, ಮಿತಿ ದಾಟಿತು. ಹಾಗಾಗಿ 50ರ ನೋಟು ಒಂದು, ಇಲ್ಲವೇ ಒಂದೂ ಇಲ್ಲ.

ಒಂದು 50 ಇದ್ದರೆ ಇನ್ನೂ 41 ಬೇಕು. ಜೊತೆಗೆ ಎರಡು 20 ಇಟ್ಟರೆ 38 ತುಂಬುತ್ತದೆ, ಉಳಿದ 3ಕ್ಕೆ ಮೂರು 2 ರೂಪಾಯಿ. ಉಳಿದ ನಾಲ್ಕು ನೋಟು 1 ರೂಪಾಯಿಯವಾಗಿಯೇ ಇರುತ್ತವೆ. 50 + 40 + 6 + 4 = 100. ಒಂದು ಉತ್ತರ ಸಿಕ್ಕಿತು.

ಎರಡರ ಬದಲು ಒಂದೇ 20 ಇಟ್ಟರೆ? 22 ಬಾಕಿ. ಐದು 5 ರೂಪಾಯಿ ನೋಟಿನಿಂದ 20, ಎರಡು 2 ರೂಪಾಯಿಯಿಂದ 2. ಉಳಿದದ್ದು ಒಂದು 1 ರೂಪಾಯಿ. 50 + 20 + 25 + 4 + 1 = 100. ಎರಡನೇ ಉತ್ತರ. ಇಲ್ಲಿ 5ರ ನೋಟನ್ನು ನಾಲ್ಕಕ್ಕೆ ಇಳಿಸಿದರೆ ಆರು 2 ರೂಪಾಯಿ ಬೇಕಾಗಿ ನೋಟು 12 ಆಗುತ್ತವೆ, ಅದು ನಡೆಯದು. 20ರ ನೋಟು ಒಂದೂ ಇಲ್ಲದಿದ್ದರೆ ಉಳಿದ ಒಂಬತ್ತನ್ನೂ 5 ರೂಪಾಯಿ ಮಾಡಿದರೂ ಏರುವುದು 36 ಮಾತ್ರ, 41 ಮುಟ್ಟುವುದಿಲ್ಲ.

ಇನ್ನು 50 ಇಲ್ಲದೆ. ನಾಲ್ಕು 20ರಿಂದ 76 ಏರುತ್ತದೆ, 14 ಬಾಕಿ. ಮೂರು 5 ರೂಪಾಯಿಯಿಂದ 12, ಎರಡು 2 ರೂಪಾಯಿಯಿಂದ 2, ಉಳಿದದ್ದು ಒಂದು 1 ರೂಪಾಯಿ. 80 + 15 + 4 + 1 = 100. ಮೂರನೇ ಉತ್ತರ. 20ರ ನೋಟು ಐದಾದರೆ ಮಿತಿ ದಾಟುತ್ತದೆ, ಮೂರಕ್ಕೆ ಇಳಿದರೆ ಉಳಿದ ಏಳು ನೋಟುಗಳಿಂದ ಸಾಲುವುದಿಲ್ಲ.

ಉತ್ತರ ಮೂರು. ಎರಡಲ್ಲ, ನಾಲ್ಕಲ್ಲ. ಸಾಮಾನ್ಯವಾಗಿ ಇಂಥ ಫಾರ್ವರ್ಡ್ ಜೊತೆ ಬರುವುದು ಇದರಲ್ಲಿ ಒಂದು ಮಾತ್ರ, ಅದೂ “ಸರಿಯಾದ ಉತ್ತರ” ಎಂಬ ಹಣೆಪಟ್ಟಿಯೊಂದಿಗೆ.

ಇನ್ನೊಂದು ಗಮನಿಸಿ. ಮೂರೂ ಉತ್ತರಗಳಲ್ಲಿ 1 ರೂಪಾಯಿ ನೋಟು ಬಂದೇ ಬಂದಿದೆ. ಯಾರಾದರೂ ಚಾಲಾಕಿತನದಿಂದ “1 ರೂಪಾಯಿ ನೋಟೂ ಬೇಡ” ಎಂದು ಒಂದು ಸಾಲು ಸೇರಿಸಿದರೆ, ಆ ಕ್ಷಣದಿಂದ ಈ ಒಗಟಿಗೆ ಉತ್ತರವೇ ಇಲ್ಲ.

“1, 2, 5 ರೂಪಾಯಿ ನೋಟು ಈಗ ಎಲ್ಲಿವೆ ಸ್ವಾಮಿ?” ಎಂದು ಕೇಳುವವರಿದ್ದಾರೆ. 1 ರೂಪಾಯಿ ನೋಟನ್ನು ಹೊರತರುವುದು ರಿಸರ್ವ್ ಬ್ಯಾಂಕ್ ಅಲ್ಲ, ಕೇಂದ್ರ ಸರ್ಕಾರ. ಅದರ ಮೇಲೆ ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. 2 ಮತ್ತು 5 ರೂಪಾಯಿ ನೋಟುಗಳ ಮುದ್ರಣ ನಿಂತಿದೆ, ಆದರೆ ಹಳೆಯ ನೋಟುಗಳು ಈಗಲೂ ಚಲಾವಣೆಗೆ ಅರ್ಹ. ಅಂಥ ನೋಟು ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು “ಹಳೆಯ 5 ರೂಪಾಯಿಗೆ ಲಕ್ಷ ಲಕ್ಷ” ಎನ್ನುವ ಲಿಂಕ್ ಮಾತ್ರ ಒತ್ತಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯ ಕೊಳ್ಳುವ ನೆಪದಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ಅದೇ ಬ್ಯಾಂಕು ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ.

ಉತ್ತರವೇ ಇಲ್ಲದ ಒಗಟನ್ನು ಗುರುತಿಸುವುದು ಹೇಗೆ?

ಈಗ ಇನ್ನೊಂದು ಒಗಟು. 100, 10, 1 ರೂಪಾಯಿ ನೋಟುಗಳನ್ನು ಮಾತ್ರ ಬಳಸಿ 500 ರೂಪಾಯಿ ಮಾಡಿ, ಒಟ್ಟು 20 ನೋಟು ಇರಬೇಕು. ಓದುವುದನ್ನು ನಿಲ್ಲಿಸಿ ಎರಡು ನಿಮಿಷ ಪ್ರಯತ್ನಿಸಿ ನೋಡಿ.

ಆಗಲಿಲ್ಲ ಅಲ್ಲವೇ? ಎರಡು ದಿನ ಕೂತರೂ ಆಗದು. ಕಾರಣ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಬೇಗ ಅರ್ಥವಾಗುತ್ತದೆ. ಐದು 100ರ ನೋಟಿನಿಂದ ಶುರು ಮಾಡಿ. ಒಂದು 100 ಕೊಟ್ಟು ಚಿಲ್ಲರೆ ತಂದರೆ ಹತ್ತು 10 ಬರುತ್ತವೆ. ಒಂದು ನೋಟು ಹೋಯಿತು, ಹತ್ತು ಬಂದವು, ಅಂದರೆ 9 ಹೆಚ್ಚಾಯಿತು. ಒಂದು 10 ಕೊಟ್ಟು ಹತ್ತು 1 ತಂದರೂ ಅಷ್ಟೇ, ಮತ್ತೆ 9 ಹೆಚ್ಚು. ಯಾವ ನೋಟನ್ನು ಮುರಿಸಿದರೂ ನೋಟಿನ ಸಂಖ್ಯೆ ಏರುವುದು ಒಂಬತ್ತೊಂಬತ್ತಾಗಿಯೇ: 5, 14, 23, 32, ಹೀಗೆ. ಈ ಸಾಲಿನಲ್ಲಿ 20 ಬರುವುದೇ ಇಲ್ಲ. 23 ಕೇಳಿದ್ದರೆ ಸುಲಭವಾಗಿ ಆಗುತ್ತಿತ್ತು: ನಾಲ್ಕು 100, ಒಂಬತ್ತು 10, ಹತ್ತು 1.

ನೂರು ಸಲ ಪ್ರಯತ್ನಿಸಿ ಸೋತರೆ “ನನಗೆ ಸಿಗಲಿಲ್ಲ” ಎನ್ನಬಹುದು ಅಷ್ಟೇ. ಮೇಲಿನ ಲೆಕ್ಕ “ಯಾರಿಗೂ ಸಿಗುವುದಿಲ್ಲ” ಎಂದು ಹೇಳುತ್ತದೆ. ಇವೆರಡೂ ಬೇರೆ ಬೇರೆ ಮಾತು.

ಸಮ–ಬೆಸದ ಲೆಕ್ಕ ಇದಕ್ಕಿಂತಲೂ ಚಿಕ್ಕದು. ಸೋವಿಯತ್ ಒಕ್ಕೂಟದಲ್ಲಿ 1, 3, 5, 10, 25 ರೂಬಲ್ ನೋಟುಗಳಿದ್ದವು. 3 ರೂಬಲ್‌ನ ನೋಟು ನಮಗೆ ವಿಚಿತ್ರ ಅನ್ನಿಸಬಹುದು, ಆದರೆ ಅಲ್ಲಿ ಅದು ದಿನಬಳಕೆಯ ನೋಟೇ ಆಗಿತ್ತು. ಅಲ್ಲಿನ ಶಾಲಾ ಮಕ್ಕಳ ಗಣಿತ ಕೂಟಗಳ ಪ್ರಸಿದ್ಧ ಪ್ರಶ್ನೆ ಇದು: 25 ರೂಬಲ್‌ಗೆ 1, 3, 5ರ ನೋಟುಗಳಲ್ಲಿ ಸರಿಯಾಗಿ ಹತ್ತು ನೋಟಿನ ಚಿಲ್ಲರೆ ಕೊಡಲು ಆಗುತ್ತದೆಯೇ? ಆಗದು. ಮೂರೂ ಬೆಸ ಸಂಖ್ಯೆ. ಬೆಸ ಸಂಖ್ಯೆಗಳನ್ನು ಎರಡೆರಡಾಗಿ ಜೋಡಿ ಮಾಡಿದರೆ ಪ್ರತಿ ಜೋಡಿಯೂ ಸಮ. ಹತ್ತು ನೋಟು ಅಂದರೆ ಐದು ಜೋಡಿ, ಮೊತ್ತ ಸಮವೇ ಆಗಬೇಕು. ಆದರೆ 25 ಬೆಸ.

ಇದೇ ಕಣ್ಣಿನಿಂದ ನಮ್ಮ ಫೋನಿಗೆ ಬರುವ ಇನ್ನೊಂದು ಹಳೆಯ ಫಾರ್ವರ್ಡ್ ನೋಡಿ. 1, 3, 5, 7, 9, 11, 13, 15 ಇವುಗಳಲ್ಲಿ ಮೂರನ್ನು ಮೂರು ಖಾಲಿ ಚೌಕಗಳಲ್ಲಿ ತುಂಬಿ, ಕೂಡಿಸಿದರೆ 30 ಬರಬೇಕು, ಒಂದೇ ಸಂಖ್ಯೆಯನ್ನು ಮತ್ತೆ ಬಳಸಬಹುದು. ಮೂರು ಬೆಸಗಳ ಮೊತ್ತ ಯಾವಾಗಲೂ ಬೆಸ. 30 ಸಮ. ಅಲ್ಲಿಗೆ ಮುಗಿಯಿತು. “9 ಅನ್ನು ತಲೆಕೆಳಗು ಮಾಡಿದರೆ 6, ಆಗ 6 + 11 + 13 = 30” ಎಂದು ಉತ್ತರ ಕೊಡುವವರಿದ್ದಾರೆ. ತಮಾಷೆಯಾಗಿ ಚೆನ್ನಾಗಿದೆ. ಆದರೆ ತಮಾಷೆ ಎಂದು ಮೊದಲೇ ಹೇಳದೆ ಮಕ್ಕಳ ಬುದ್ಧಿ ಅಳೆಯಲು ಹೊರಡುವುದು ನ್ಯಾಯವಲ್ಲ.

ಬಿಡಿಸಿದವರ ಐಕ್ಯೂ ಜಾಸ್ತಿಯೇ?

ಇಲ್ಲ, ಒಂದು ಒಗಟಿನಿಂದ ಐಕ್ಯೂ ಗೊತ್ತಾಗುವುದಿಲ್ಲ. ಐಕ್ಯೂ ಪರೀಕ್ಷೆಯಲ್ಲಿ ಹಲವು ಬಗೆಯ ಪ್ರಶ್ನೆಗಳಿರುತ್ತವೆ, ಬಂದ ಅಂಕವನ್ನು ಅದೇ ವಯಸ್ಸಿನವರ ಅಂಕಗಳ ಜೊತೆ ಹೋಲಿಸುತ್ತಾರೆ. “ಶೇ. 99 ಫೇಲ್” ಎಂಬುದನ್ನು ಯಾರು, ಎಲ್ಲಿ, ಎಷ್ಟು ಜನರನ್ನು ಕೇಳಿ ಲೆಕ್ಕ ಹಾಕಿದರು ಎಂದು ಫಾರ್ವರ್ಡ್ ಹೇಳುವುದಿಲ್ಲ. ಐಎಎಸ್ ಹೆಸರಿಗೂ ಅದರಲ್ಲಿ ಯಾವ ಆಧಾರವೂ ಇರುವುದಿಲ್ಲ.

ಈ ಜಾತಿಯ ಒಗಟುಗಳು ಐಎಎಸ್‌ಗಿಂತ ಸಾವಿರ ವರ್ಷ ಹಳೆಯವು ಎನ್ನುವುದಂತೂ ನಿಜ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಕಾಲ. ಸುಮಾರು 850ರಲ್ಲಿ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಒಂದು ಪ್ರಶ್ನೆ ಇದೆ. 3 ಪಣಕ್ಕೆ 5 ಪಾರಿವಾಳ, 5 ಪಣಕ್ಕೆ 7 ಸಾರಸ, 7 ಪಣಕ್ಕೆ 9 ಹಂಸ, 9 ಪಣಕ್ಕೆ 3 ನವಿಲು. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ 100 ಹಕ್ಕಿ ತರಬೇಕು. ನೋಟಿನ ಒಗಟಿನ ಹಾಗೆಯೇ ಇಲ್ಲಿಯೂ ಎರಡು ಷರತ್ತು: ಹಣವೂ ಸರಿಹೊಂದಬೇಕು, ಎಣಿಕೆಯೂ ಸರಿಹೊಂದಬೇಕು.

15 ಪಾರಿವಾಳ, 28 ಸಾರಸ, 45 ಹಂಸ, 12 ನವಿಲು ತಂದರೆ ಸರಿಹೋಗುತ್ತದೆ. 10, 42, 36, 12 ತಂದರೂ ಸರಿಯೇ. ಹೇಳಿದ ಗುಂಪುಗಳನ್ನು ಒಡೆಯದೆ, ನಾಲ್ಕೂ ಬಗೆಯ ಹಕ್ಕಿ ಇರುವಂತೆ ಕೊಂಡರೆ ಒಟ್ಟು ಆರು ಉತ್ತರಗಳಿವೆ ಎಂದು ನಾವು ಲೆಕ್ಕ ಹಾಕಿ ನೋಡಿದೆವು. ಉಳಿದ ನಾಲ್ಕನ್ನು ನೀವು ಹುಡುಕಬಹುದು.

ಎಟಿಎಂ ಮುಂದೆಯೂ ಇದೇ ಲೆಕ್ಕ

ನೋಟು ಹೊಂದಿಸುವ ಲೆಕ್ಕ ಒಗಟಿಗಷ್ಟೇ ಸೀಮಿತವಲ್ಲ. ಒಂದು ಎಟಿಎಂನಲ್ಲಿ 200 ಮತ್ತು 500ರ ನೋಟು ಮಾತ್ರ ಇದೆ ಎಂದುಕೊಳ್ಳಿ. ನೀವು 600 ಕೇಳುತ್ತೀರಿ. “ಮೊದಲು ದೊಡ್ಡ ನೋಟು” ಎಂಬ ನಮ್ಮ ರೂಢಿಯಂತೆ 500 ತೆಗೆದಿಟ್ಟರೆ 100 ಬಾಕಿ, ಅದಕ್ಕೆ ನೋಟಿಲ್ಲ. ದೊಡ್ಡ ನೋಟನ್ನು ಬಿಟ್ಟು ಮೂರು 200 ಕೊಟ್ಟರೆ ಮಾತ್ರ 600 ಆಗುತ್ತದೆ. 800ಕ್ಕೂ ಹಾಗೆಯೇ, ನಾಲ್ಕು 200. ನಮ್ಮ 1, 2, 5, 10, 20, 50 ಎಲ್ಲವೂ ಇರುವಾಗ ದೊಡ್ಡದರಿಂದ ಶುರು ಮಾಡಿದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ನಡುವಿನ ಒಂದು ನೋಟು ಇಲ್ಲದಾದಾಗ ಆ ರೂಢಿ ಕೈಕೊಡುತ್ತದೆ.

2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರ್ 30ರೊಳಗೆ ಶೇ. 75ರಷ್ಟು, 2026ರ ಮಾರ್ಚ್ 31ರೊಳಗೆ ಶೇ. 90ರಷ್ಟು ಎಟಿಎಂಗಳಲ್ಲಿ ಕನಿಷ್ಠ ಒಂದು ಕ್ಯಾಸೆಟ್‌ನಿಂದ 100 ಅಥವಾ 200 ರೂಪಾಯಿ ನೋಟು ಸಿಗುವಂತೆ ನೋಡಿಕೊಳ್ಳಿ ಎಂದು ಬ್ಯಾಂಕುಗಳಿಗೆ ಹೇಳಿತು. ಇದರ ಬೆನ್ನಿಗೇ “500ರ ನೋಟು ಬಂದ್” ಎಂಬ ಫಾರ್ವರ್ಡ್ ಓಡಾಡಿತು. ಸುತ್ತೋಲೆಯಲ್ಲಿ ಆ ಮಾತೇ ಇಲ್ಲ.

ಅಂದಹಾಗೆ, 200 ಮತ್ತು 500ರ ನೋಟು ಮಾತ್ರ ಇರುವ ಯಂತ್ರದಿಂದ ಹೇಗೆ ಹೊಂದಿಸಿದರೂ ಕೊಡಲಾಗದ ನೂರರ ಮೊತ್ತ ಎರಡೇ: 100 ಮತ್ತು 300. 400ರಿಂದ ಮೇಲಿನ ಪ್ರತಿಯೊಂದು ನೂರನ್ನೂ ಈ ಎರಡು ನೋಟುಗಳಿಂದ ಮಾಡಬಹುದು. 300 ಬೇಕಿದ್ದರೆ 400 ಒತ್ತಿ.