ಮಣಿಸರದ ಮಡಿಕೆ

ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಮಣಿಸರ. ಈ ಸರ ತಕ್ಕಂತೆ ಮಡಿಚಿಕೊಂಡಲ್ಲದೆ ಕೆಲಸಕ್ಕೆ ಬಾರದು. ಆ ಆಕಾರವನ್ನರಿತರೆ ಔಷಧವನ್ನು, ಬೀಗಕ್ಕೆ ಕೀಲಿಯಂತೆ, ಹೊಂದಿಸಬಹುದು. ಸರವು ಯಾವ ಕೋನಗಳಲ್ಲಿ ಬಾಗಬಲ್ಲುದೆಂಬುದನ್ನು ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿಯೇ ನಕ್ಷೆಯಾಗಿ ತೋರಿಸಿದ್ದರು. ಆದರೂ ಒಂದು ಪ್ರೋಟೀನಿನ ಆಕಾರವನ್ನು ಎಕ್ಸ್-ಕಿರಣಗಳಿಂದ ಕಂಡುಹಿಡಿಯಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದವು. ಹೀಗೆ ಕೂಡಿಟ್ಟ ಆಕಾರಗಳನ್ನೇ ಪಾಠವಾಗಿಸಿಕೊಂಡು, 2020ರಲ್ಲಿ ಲಂಡನ್ನಿನ ಆಲ್ಫಾಫೋಲ್ಡ್ ಎಂಬ ಗಣಕ ವ್ಯವಸ್ಥೆಯು ತನ್ನ ಮುಂದಿಟ್ಟ ಬಹುಪಾಲು ಸರಗಳ ಆಕಾರವನ್ನು ಪ್ರಯೋಗಕ್ಕೆ ಸಮೀಪವಾಗಿ ಊಹಿಸಿತು. ಅದರ ಹಸಾಬಿಸ್, ಜಂಪರ್ ಇವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಸಂದಿತು. ಸಲ್ಲತಕ್ಕದ್ದೇ. ಆದರೆ ಸರವು ಯಾವ ದಾರಿ ಹಿಡಿದು ಮಡಿಚಿಕೊಳ್ಳುತ್ತದೆಂಬುದನ್ನು ಈ ಯಂತ್ರ ಹೇಳದು. ಭೌತವಿಜ್ಞಾನಿಗಳು ಅದನ್ನು ಇನ್ನೂ ಅರಸುತ್ತಿದ್ದಾರೆ.